ಒಂದೇ ಸ್ವರಲಿಪಿ, ಹಲವು ಓದು

ಕುಮಾರವ್ಯಾಸನ ಒಂದೇ ಷಟ್ಪದಿಯನ್ನು ಇಬ್ಬರು ಗಮಕಿಗಳು ವಾಚಿಸಿದಾಗ ಅಕ್ಷರಗಳು ಬದಲಾಗುವುದಿಲ್ಲ. ಭಾವದ ಒತ್ತು ಬದಲಾಗುತ್ತದೆ. ಪಾಶ್ಚಾತ್ಯ ಸಂಗೀತದ ಸಿಂಫನಿಗೂ ಈ ಮಾತು ಸಲ್ಲುತ್ತದೆ. ಅಲ್ಲಿ ಪ್ರತಿಯೊಂದು ವಾದ್ಯವೂ ನುಡಿಸಬೇಕಾದ ಸ್ವರಗಳು ಲಿಖಿತವಾಗಿಯೇ ಇರುತ್ತವೆ. ಹಾಗಿದ್ದೂ ವಾದ್ಯವೃಂದದ ನಿರ್ದೇಶಕ ಬದಲಾದೊಡನೆ ಕೃತಿ ಬೇರೆಯಾಗಿ ಕೇಳಿಸುವುದೇಕೆ?

1808ರ ಡಿಸೆಂಬರ್ 22ರಂದು ವಿಯೆನ್ನಾದಲ್ಲಿ ಮೊದಲ ಬಾರಿಗೆ ನುಡಿಸಲಾದ ಬೀಥೋವನ್‌ನ ಐದನೆಯ ಸಿಂಫನಿಯನ್ನೇ ನೋಡೋಣ. ಅದರ ಆರಂಭದಲ್ಲಿ ಮೂರು ಹ್ರಸ್ವ ಸ್ವರಗಳು, ಬಳಿಕ ಒಂದು ದೀರ್ಘ ಸ್ವರ. ಆ ದೀರ್ಘವನ್ನು ತಡೆದು ಹಿಡಿಯಬೇಕೆಂಬ ಚಿಹ್ನೆಯಿದೆ. ಎಷ್ಟು ಹೊತ್ತು ಎಂಬ ಸೂಚನೆಯಿಲ್ಲ. ಜರ್ಮನಿಯ ಫುರ್ಟ್‌ವೆಂಗ್ಲರ್ ಅದನ್ನು ಬಹಳ ಹೊತ್ತು ಹಿಡಿದು, ಮುಂದೆಯೂ ಭಾವಕ್ಕೆ ತಕ್ಕಂತೆ ಕಾಲವನ್ನು ಹಿಗ್ಗಿಸಿ ಕುಗ್ಗಿಸುತ್ತಾರೆ. ಇಟಲಿಯ ಟೊಸ್ಕನೀನಿ ಲಯವನ್ನು ಬಿಗಿಯಾಗಿ ಹಿಡಿದು ಮುನ್ನಡೆಯುತ್ತಾರೆ. ಒಬ್ಬರಲ್ಲಿ ವಿಧಿಯ ಭಾರ ಕೇಳಿಸಿದರೆ, ಇನ್ನೊಬ್ಬರಲ್ಲಿ ಹೋರಾಟದ ಬಿರುಸು.

ಕವಿಯ ಮಾತೇ ಪ್ರಮಾಣವೆನ್ನುವವರಿಗೆ ಆಧಾರವುಂಟು. 1817ರಲ್ಲಿ ಬೀಥೋವನ್ ಪ್ರಕಟಿಸಿದ ಮೆಟ್ರೊನೋಮ್ ಅಂಕಿಗಳಲ್ಲಿ ಈ ಮೊದಲ ಭಾಗಕ್ಕೆ ನಿಮಿಷಕ್ಕೆ 108 ಘಾತಗಳೆಂದಿದೆ. ಅದು ಅತಿವೇಗವೆಂದು ಬಹಳ ಮಂದಿ ಬದಿಗಿಟ್ಟರು. 1990ರ ದಶಕದಲ್ಲಿ ಇಂಗ್ಲೆಂಡಿನ ಗಾರ್ಡಿನರ್, ಬೀಥೋವನ್‌ನ ಕಾಲದ ಮಾದರಿಯ ವಾದ್ಯಗಳೊಡನೆ ಆ ವೇಗವನ್ನು ಸಮೀಪಿಸಿದರು.

ವೇಗಕ್ಕಿಂತ ಜಟಿಲವಾದ ಪ್ರಶ್ನೆಯೊಂದು ಇದೇ ಭಾಗದಲ್ಲಿದೆ. ಎರಡನೆಯ ವಸ್ತುವನ್ನು ಸಾರುವ ಘೋಷವನ್ನು ಮೊದಲ ಸಲ ಹಾರ್ನ್‌ಗಳು ನುಡಿಸುತ್ತವೆ. ಅದು ಬೇರೊಂದು ಶ್ರುತಿಯಲ್ಲಿ ಮರಳಿ ಬಂದಾಗ ಬೀಥೋವನ್ ಅದನ್ನು ಬಸೂನ್‌ಗಳಿಗೆ ಒಪ್ಪಿಸಿದ್ದಾನೆ. ಅಂದಿನ ಹಾರ್ನ್‌ಗೆ ಕವಾಟಗಳಿರಲಿಲ್ಲ. ಶ್ರುತಿ ಬದಲಿಸಲು ಕೊಳವೆಯನ್ನೇ ಬದಲಿಸಬೇಕಿತ್ತು. ಕವಾಟದ ಹಾರ್ನ್ ಬಂದ ಮೇಲೆ, ಬೀಥೋವನ್‌ನ ನಿಜವಾದ ಇಚ್ಛೆ ಇದೇ ಆಗಿತ್ತೆಂದು ಊಹಿಸಿ ಅನೇಕ ನಿರ್ದೇಶಕರು ಅಲ್ಲಿಯೂ ಹಾರ್ನ್‌ಗಳನ್ನೇ ಬಳಸಿದರು. ಬರೆದುದನ್ನೇ ಉಳಿಸಿಕೊಂಡವರು ಬಸೂನಿನ ಆ ಒರಟು ದನಿಯಲ್ಲಿಯೇ ಒಂದು ಅರ್ಥ ಕಂಡರು.

ಹಳೆಯ ಓಲೆಗರಿಗಳನ್ನು ಪರಿಷ್ಕರಿಸುವ ಗ್ರಂಥಸಂಪಾದಕನಿಗೆ ಈ ಇಕ್ಕಟ್ಟು ಚಿರಪರಿಚಿತ: ಇರುವ ಪಾಠವನ್ನು ಉಳಿಸುವುದೋ, ಕವಿಯ ಆಶಯವೆಂದು ತೋರಿದ್ದಕ್ಕೆ ತಿದ್ದುವುದೋ? ತಿದ್ದಿದರೆ ಕವಿಯ ಬಾಯಲ್ಲಿ ನಮ್ಮ ಮಾತನ್ನಿಟ್ಟಂತಾಗಬಹುದು. ತಿದ್ದದಿದ್ದರೆ ಅಂದಿನ ಸಾಧನದ ಕೊರತೆಯನ್ನೇ ಕವಿಯ ಆಶಯವೆಂದು ಪೂಜಿಸಿದಂತಾಗಬಹುದು. ಆದುದರಿಂದ ಧ್ವನಿಮುದ್ರಣಗಳ ತುಲನೆಯೆಂದರೆ ಮೇಲುಕೀಳಿನ ಪಟ್ಟಿಯಲ್ಲ. ಆರಂಭದ ದೀರ್ಘ ಸ್ವರ, ನಡುವಿನ ವೇಗ, ಮರಳಿ ಬರುವ ಆ ಘೋಷ – ಈ ಮೂರನ್ನು ಗಮನಿಸಿ ಎರಡು ಮುದ್ರಣಗಳನ್ನು ಒಂದರ ಬೆನ್ನಿಗೊಂದು ಕೇಳಿದರೆ, ಲಿಪಿ ಎಲ್ಲಿ ಮೌನವಾಗುತ್ತದೆ, ಓದುಗನ ಹೊಣೆ ಎಲ್ಲಿ ಮೊದಲಾಗುತ್ತದೆ ಎಂಬುದು ಕಿವಿಗೇ ತಿಳಿಯುತ್ತದೆ.