ಚಪ್ಪಲಿ ಜೀವಿಯ ದಾಯಾದಿಗಳು

ಒಂದು ಹಿಡಿ ಒಣಹುಲ್ಲನ್ನು ನೀರಿನಲ್ಲಿ ಕುದಿಸಿ, ಆರಿಸಿ, ಅದಕ್ಕೆ ಒಂದಿಷ್ಟು ಕೆರೆಯ ನೀರು ಬೆರೆಸಿ ಮೂಲೆಯಲ್ಲಿಟ್ಟರೆ ನಾಲ್ಕಾರು ದಿನಗಳಲ್ಲಿ ಅದು ಕದಡಿ, ಮುಗ್ಗುಲು ವಾಸನೆ ಬರತೊಡಗುತ್ತದೆ. ಮನೆಯವರು ಅದನ್ನು ಚೆಲ್ಲಿಬಿಡುವ ಮೊದಲೇ ಒಂದು ಹನಿಯನ್ನು ಶಾಲೆಯ ಸೂಕ್ಷ್ಮದರ್ಶಕದ ಕೆಳಗಿಟ್ಟು ನೋಡಿದ ವಿದ್ಯಾರ್ಥಿ ಆ ನೋಟವನ್ನು ಮರೆಯಲಾರ. ಚಪ್ಪಲಿಯ ಅಟ್ಟೆಯ ಆಕಾರದ ಜೀವಿಗಳು ತಿರುಪಿನಂತೆ ಸುತ್ತುತ್ತಾ ಅತ್ತಿಂದಿತ್ತ ಧಾವಿಸುತ್ತಿರುತ್ತವೆ. ಹುಲ್ಲಿನ ಚೂರು ಅಡ್ಡ ಬಂದರೆ ಹಿಂದಕ್ಕೆ ಸರಿದು, ದಿಕ್ಕು ಬದಲಿಸಿ, ಮತ್ತೆ ಮುನ್ನುಗ್ಗುತ್ತವೆ. ಕಣ್ಣಿಲ್ಲ, ಕಾಲಿಲ್ಲ, ಮಿದುಳಿಲ್ಲ. ಇರುವುದು ಒಂದೇ ಒಂದು ಜೀವಕೋಶ, ಅದರ ಮೈತುಂಬ ಸಾವಿರಾರು ಸಣ್ಣ ರೋಮಗಳು.

ಇದೇ ಪ್ಯಾರಮೀಸಿಯಂ. ರೋಮಗಳಿಗೆ ನಮ್ಮ ಪಠ್ಯಪುಸ್ತಕಗಳು ಕೊಟ್ಟ ಹೆಸರು ಲೋಮಾಂಗ. ಲೋಮಾಂಗಗಳನ್ನು ಹುಟ್ಟುಗಳಂತೆ ಬಡಿದು ಈಜುವ ಏಕಕೋಶ ಜೀವಿಗಳಲ್ಲಿ ಇಂದು ಸುಮಾರು 8,000 ಪ್ರಭೇದಗಳನ್ನು ಗುರುತಿಸಲಾಗಿದೆ. ಕೊಳದಲ್ಲಿ, ಸಮುದ್ರದಲ್ಲಿ, ಒದ್ದೆ ಮಣ್ಣಿನಲ್ಲಿ, ಹಸುವಿನ ಹೊಟ್ಟೆಯಲ್ಲಿ, ಎಲ್ಲೆಡೆ ಇವುಗಳ ವಾಸ.

ಪರೀಕ್ಷೆಗೆ ಓದುವ ವಿದ್ಯಾರ್ಥಿಗೆ ಇವುಗಳ ಸ್ಥಾನ ಬಾಯಿಪಾಠವಾಗಿರುತ್ತದೆ. ಪ್ರೋಟೋಜೋವಾಗಳಲ್ಲಿ ನಾಲ್ಕು ಗುಂಪು: ಮಿಥ್ಯಾಪಾದ ಚಾಚಿ ತೆವಳುವ ಅಮೀಬಾದಂಥವು, ಚಾವಟಿಯಂಥ ಕಶಾಂಗ ಬೀಸುವವು, ಲೋಮಾಂಗಗಳಿರುವವು, ಮತ್ತು ಚಲನೆಯ ಅಂಗವೇ ಇಲ್ಲದ ಮಲೇರಿಯಾ ರೋಗಾಣುವಿನಂಥ ಪರಾವಲಂಬಿಗಳು. ಉತ್ತರ ಸರಿ, ಅಂಕವೂ ಸಿಗುತ್ತದೆ. ಆದರೆ ‘ಈ ಚಪ್ಪಲಿ ಜೀವಿಯ ನಿಜವಾದ ನೆಂಟರು ಯಾರು?’ ಎಂದು ಕೇಳಿದರೆ ಈ ಪಟ್ಟಿ ಉತ್ತರ ಕೊಡುವುದಿಲ್ಲ. ಅದು ಯಾರು ಹೇಗೆ ನಡೆಯುತ್ತಾರೆ ಎಂಬುದನ್ನು ಹೇಳುತ್ತದೆಯೇ ಹೊರತು, ಯಾರು ಯಾರ ವಂಶದವರು ಎಂಬುದನ್ನಲ್ಲ.

ಹೊಟ್ಟೆಗಳನ್ನು ಎಣಿಸಿದ ಕಾಲ

ಹಾಲೆಂಡಿನ ಡೆಲ್ಫ್ಟ್ ಊರಿನ ಬಟ್ಟೆ ವ್ಯಾಪಾರಿ ಆಂಟನಿ ವಾನ್ ಲೇವನ್‌ಹುಕ್ ತಾನೇ ಉಜ್ಜಿ ಮಾಡಿದ ಮಸೂರದಲ್ಲಿ ನೀರಿನ ಹನಿಯನ್ನು ನೋಡಿ, ಅಲ್ಲಿ ಕಂಡ ಪುಟ್ಟ ಜೀವಿಗಳ ವಿಷಯವನ್ನು 1676ರಲ್ಲಿ ಲಂಡನ್ನಿನ ರಾಯಲ್ ಸೊಸೈಟಿಗೆ ಬರೆದು ಕಳಿಸಿದ. ಅವನು ವರ್ಣಿಸಿದವುಗಳಲ್ಲಿ ಲೋಮಾಂಗ ಜೀವಿಗಳೂ ಇದ್ದವು. ಹುಲ್ಲು, ಕಾಳು ನೆನೆಸಿದ ನೀರಿನಲ್ಲಿ ಹೇರಳವಾಗಿ ಸಿಗುತ್ತಿದ್ದುದರಿಂದ ಮುಂದಿನ ಶತಮಾನದಲ್ಲಿ ಇಂಥ ಜೀವಿಗಳಿಗೆಲ್ಲ ‘ಇನ್‌ಫ್ಯುಸೋರಿಯ’, ಅಂದರೆ ಕಷಾಯದ ಜೀವಿಗಳು, ಎಂಬ ಹೆಸರು ಬಿತ್ತು.

ಜರ್ಮನಿಯ ಎರೆನ್‌ಬರ್ಗ್ 1838ರಲ್ಲಿ ಪ್ರಕಟಿಸಿದ ಬೃಹತ್ ಗ್ರಂಥದಲ್ಲಿ ಇವು ದೊಡ್ಡ ಪ್ರಾಣಿಗಳ ಹಾಗೆಯೇ ಪೂರ್ಣ ಅಂಗಾಂಗಗಳಿರುವ ಜೀವಿಗಳೆಂದು ವಾದಿಸಿದ. ಬಣ್ಣದ ಪುಡಿ ತಿನ್ನಿಸಿದಾಗ ಒಳಗೆ ಮೂಡಿದ ಹಲವು ಬಣ್ಣದ ಗುಳ್ಳೆಗಳನ್ನು ಹಲವು ಹೊಟ್ಟೆಗಳೆಂದೇ ತಿಳಿದ. ಫ್ರಾನ್ಸಿನ ಡುಜಾರ್ಡಿನ್ ಇದನ್ನು ಒಪ್ಪಲಿಲ್ಲ. ಅವು ಆಹಾರದ ತಾತ್ಕಾಲಿಕ ಗುಳ್ಳೆಗಳು ಮಾತ್ರ ಎಂಬುದು ಮುಂದೆ ಸ್ಪಷ್ಟವಾಯಿತು. 1845ರಲ್ಲಿ ಸೀಬೋಲ್ಡ್ ಈ ಜೀವಿಗಳ ದೇಹ ಒಂದೇ ಕೋಶವೆಂದು ಹೇಳಿದ. 1880ರ ದಶಕದಲ್ಲಿ ಬುಟ್‌ಶ್ಲಿ ಪ್ರೋಟೋಜೋವಾಗಳನ್ನು ನಾಲ್ಕು ವರ್ಗಗಳಾಗಿ ವಿಂಗಡಿಸಿದ. ನೂರು ವರ್ಷಗಳಿಗೂ ಹೆಚ್ಚು ಕಾಲ ಪಠ್ಯಪುಸ್ತಕಗಳಲ್ಲಿ ಉಳಿದು ಬಂದ ಆ ನಾಲ್ಕು ಗುಂಪುಗಳ ಮೂಲ ಇಲ್ಲಿದೆ.

ಕೈಯಲ್ಲಿದ್ದ ಸೂಕ್ಷ್ಮದರ್ಶಕಕ್ಕೆ ಕಂಡದ್ದನ್ನೇ ಅವರು ನಂಬಿದರು, ಅದರಲ್ಲಿ ತಪ್ಪೇನಿಲ್ಲ. ಆದರೆ ರೋಮವೊಂದನ್ನೇ ನಂಬಿದರೆ ಎಂಥ ಮೋಸವಾಗಬಹುದು ಎಂಬುದು ಎಲೆಕ್ಟ್ರಾನ್ ಸೂಕ್ಷ್ಮದರ್ಶಕ ಬಂದ ಮೇಲೆ ತಿಳಿಯಿತು. ಲೋಮಾಂಗವನ್ನು ಅಡ್ಡಕ್ಕೆ ಕತ್ತರಿಸಿ ನೋಡಿದರೆ ಸುತ್ತಲೂ ಒಂಬತ್ತು ಜೊತೆ ಸೂಕ್ಷ್ಮ ನಳಿಕೆಗಳು, ನಡುವೆ ಎರಡು. ಕಶಾಂಗದಲ್ಲೂ ಇದೇ ವಿನ್ಯಾಸ. ನಮ್ಮ ಶ್ವಾಸನಾಳದ ಒಳಗೋಡೆಯಲ್ಲಿ ಕಫವನ್ನು ಮೇಲಕ್ಕೆ ತಳ್ಳುವ ರೋಮಗಳಲ್ಲೂ ಇದೇ! ಅಂದರೆ ಇದು ಬಹು ಪುರಾತನ ಪೂರ್ವಜರಿಂದ ಅನೇಕ ಕವಲುಗಳಿಗೆ ಬಂದ ಪಿತ್ರಾರ್ಜಿತ ಆಸ್ತಿ. ಅದು ಇಬ್ಬರ ಬಳಿ ಇದೆ ಎಂದ ಮಾತ್ರಕ್ಕೆ ಅವರು ಒಡಹುಟ್ಟಿದವರಾಗುವುದಿಲ್ಲ.

ಬಿತ್ತನೆಯ ಕಾಳು, ಊಟದ ಕಾಳು

ಹಾಗಾದರೆ ಲೋಮಾಂಗ ಜೀವಿಗಳ ಗುರುತೇನು? ಮೊದಲನೆಯದು ಎರಡು ಬಗೆಯ ಕೋಶಕೇಂದ್ರ. ರೈತ ಒಂದು ಗಡಿಗೆಯಲ್ಲಿ ಬಿತ್ತನೆಯ ಕಾಳನ್ನು ಜೋಪಾನವಾಗಿಟ್ಟು, ಊಟಕ್ಕೆ ಬೇರೆ ಕಣಜದಿಂದ ತೆಗೆದುಕೊಳ್ಳುವಂತೆ ಈ ಜೀವಿಗಳೂ ಮಾಡುತ್ತವೆ. ಸಣ್ಣ ಕೋಶಕೇಂದ್ರ ಬಿತ್ತನೆಯ ಕಾಳು. ಮುಂದಿನ ಪೀಳಿಗೆಗೆ ಹೋಗಬೇಕಾದ ವಂಶವಾಹಿಗಳು ಅಲ್ಲಿ ಭದ್ರ. ದೊಡ್ಡ ಕೋಶಕೇಂದ್ರ ನಿತ್ಯದ ಊಟ, ಓಟಗಳನ್ನು ನಡೆಸುತ್ತದೆ. ಎರಡು ಜೀವಿಗಳು ಮೈಗೆ ಮೈ ತಾಗಿಸಿ ಕೂಡಿಕೊಂಡಾಗ ಸಣ್ಣ ಕೋಶಕೇಂದ್ರದ ಭಾಗಗಳನ್ನು ವಿನಿಮಯ ಮಾಡಿಕೊಳ್ಳುತ್ತವೆ. ಹಳೆಯ ದೊಡ್ಡ ಕೋಶಕೇಂದ್ರ ಕರಗಿಹೋಗಿ, ಬಿತ್ತನೆಯ ಕಾಳಿನಿಂದಲೇ ಹೊಸದೊಂದು ರೂಪುಗೊಳ್ಳುತ್ತದೆ. ಬೆಂಗಳೂರಿನ ಸೆಂಟ್ರಲ್ ಕಾಲೇಜಿನಲ್ಲಿ, ನಂತರ ದೆಹಲಿ ವಿಶ್ವವಿದ್ಯಾಲಯದಲ್ಲಿ ಪ್ರಾಣಿಶಾಸ್ತ್ರ ಕಲಿಸಿದ ಬಿ. ಆರ್. ಶೇಷಾಚಾರ್ ಈ ಕೋಶಕೇಂದ್ರಗಳ ಬಗ್ಗೆ 1950ರ ದಶಕದಲ್ಲಿ ಸಂಶೋಧನೆ ನಡೆಸಿದವರಲ್ಲಿ ಒಬ್ಬರು.

ಎರಡನೆಯ ಗುರುತು ರೋಮಗಳ ಬುಡದಲ್ಲಿದೆ. ಬೆಳ್ಳಿಯ ಲವಣದಿಂದ ಬಣ್ಣ ಕಟ್ಟುವ ವಿಧಾನ ಬಂದ ಮೇಲೆ ಲೋಮಾಂಗಗಳ ಬೇರುಗಳು ಮತ್ತು ಅವುಗಳನ್ನು ಸಾಲಾಗಿ ಹೆಣೆಯುವ ಎಳೆಗಳ ಜಾಲ ಕಣ್ಣಿಗೆ ಬಿತ್ತು. ಫ್ರಾನ್ಸಿನ ಶಾಟನ್ ಮತ್ತು ಲ್ವೋಫ್ 1930ರ ದಶಕದಲ್ಲಿ ಈ ಜಾಲದ ಮಹತ್ವವನ್ನು ತೋರಿಸಿಕೊಟ್ಟರು. ಮೇಲಿನ ರೋಮ ಉದುರಿದರೂ ಬುಡದ ಈ ವಿನ್ಯಾಸ ಉಳಿಯುತ್ತದೆ.

ಈ ಗುರುತುಗಳನ್ನು ಹಿಡಿದು ಹೊರಟಾಗ ಹಲವರ ಬಣ್ಣ ಬಯಲಾಯಿತು. ಸಕ್ಟೋರಿಯ ಎಂಬ ಜೀವಿಗಳಿಗೆ ಬೆಳೆದ ಮೇಲೆ ಒಂದೂ ರೋಮವಿಲ್ಲ. ಒಂದೆಡೆ ಅಂಟಿಕೊಂಡು ಕೊಳವೆಯಂಥ ಸ್ಪರ್ಶಾಂಗಗಳಿಂದ ಬೇಟೆಯ ರಸ ಹೀರುತ್ತವೆ. ಆದರೆ ಅವುಗಳ ಮರಿಗಳು ರೋಮ ಬಡಿಯುತ್ತಾ ಈಜುತ್ತವೆ, ಕೋಶಕೇಂದ್ರಗಳೂ ಎರಡು ಬಗೆಯವು. ಹಾಗಾಗಿ ಅವು ಅಪ್ಪಟ ಲೋಮಾಂಗ ಜೀವಿಗಳೇ.

ಇದಕ್ಕೆ ವಿರುದ್ಧವಾದ ಕಥೆ ಓಪಲೈನಾದ್ದು. ಕಾಲೇಜುಗಳಲ್ಲಿ ಕಪ್ಪೆ ಕೊಯ್ದು ಕಲಿಯುತ್ತಿದ್ದ ಕಾಲದ ಪ್ರಾಣಿಶಾಸ್ತ್ರದ ವಿದ್ಯಾರ್ಥಿಗಳು ಕಪ್ಪೆಯ ಕರುಳಿನ ತುದಿಯಿಂದ ಒಂದು ಹನಿ ತೆಗೆದು ಇದನ್ನು ನೋಡುತ್ತಿದ್ದರು. ಮೈತುಂಬ ಸಾಲುಸಾಲು ರೋಮ. ಪುಸ್ತಕಗಳೂ ಇದನ್ನು ಲೋಮಾಂಗ ಜೀವಿಗಳ ಪೈಕಿಯೇ, ಅವುಗಳ ಆದಿರೂಪವೆಂದು, ಕೂರಿಸಿದ್ದವು. ಆದರೆ ಇದರ ಕೋಶಕೇಂದ್ರಗಳು ಅನೇಕವಾದರೂ ಎಲ್ಲವೂ ಒಂದೇ ಬಗೆ. ಬಾಯಿಯಿಲ್ಲ. ಸಂತಾನೋತ್ಪತ್ತಿಯ ಕ್ರಮವೂ ಬೇರೆ. ಕೊನೆಗೆ ಇದರ ಬಳಗ ಸಿಕ್ಕಿದ್ದು ಸಮುದ್ರದ ಕಂದು ಪಾಚಿ ಮತ್ತು ಡಯಾಟಮ್‌ಗಳು ಸೇರಿದ ಕವಲಿನಲ್ಲಿ! ಒಂದೇ ಹನಿಯಲ್ಲಿ ಇದರ ಪಕ್ಕದಲ್ಲೇ ಈಜುವ ನಿಕ್ಟೋಥೀರಸ್ ಮಾತ್ರ ನಿಜವಾದ ಲೋಮಾಂಗ ಜೀವಿ.

ಚರ್ಮದಡಿಯ ಚೀಲಗಳು

ಪ್ಯಾರಮೀಸಿಯಂನ ಹೊರಪೊರೆಯ ಕೆಳಗೆ ಚಪ್ಪಟೆ ಚೀಲಗಳು ಒತ್ತೊತ್ತಾಗಿ ಜೋಡಿಸಿದ ಹಾಸು ಇದೆ. ಇದೇ ಹಾಸು ಇನ್ನೆರಡು ಗುಂಪುಗಳಲ್ಲೂ ಇರುವುದು ವಿಜ್ಞಾನಿಗಳ ಗಮನಕ್ಕೆ ಬಂದಿತ್ತು. ಒಂದು, ಡೈನೋಫ್ಲಾಜೆಲೇಟ್‌ಗಳೆಂಬ ಕಶಾಂಗ ಜೀವಿಗಳು. ಕರಾವಳಿಯಲ್ಲಿ ಕೆಲವು ರಾತ್ರಿ ಅಲೆಗಳು ನೀಲಿಯಾಗಿ ಮಿನುಗುವಂತೆ ಮಾಡುವ ನಾಕ್ಟಿಲ್ಯೂಕ ಈ ಗುಂಪಿನದು. ಇನ್ನೊಂದು, ಮಲೇರಿಯಾ ತರುವ ಪ್ಲಾಸ್ಮೋಡಿಯಂ ಸೇರಿದ ಪರಾವಲಂಬಿಗಳ ಗುಂಪು. ಒಂದು ಈಜುಗಾರ, ಒಂದು ದೀಪಧಾರಿ, ಒಂದು ರಕ್ತದೊಳಗಿನ ಕಳ್ಳ. ನೋಡಲು ಎಲ್ಲಿಂದೆಲ್ಲಿಯ ಹೋಲಿಕೆ?

ಉತ್ತರ ದೊರೆತದ್ದು ವಂಶವಾಹಿಗಳಿಂದ. ಪ್ರೋಟೀನು ತಯಾರಿಸುವ ರೈಬೋಸೋಮ್ ಎಂಬ ಯಂತ್ರ ಎಲ್ಲ ಜೀವಿಗಳಲ್ಲೂ ಇದೆ. ಅದರಲ್ಲಿರುವ ಆರ್‌ಎನ್‌ಎಯ ಅಕ್ಷರಗಳು ಪೀಳಿಗೆಯಿಂದ ಪೀಳಿಗೆಗೆ ಬಹು ನಿಧಾನವಾಗಿ ಬದಲಾಗುತ್ತವೆ. ಒಂದೇ ಓಲೆಗರಿಯ ಹಲವು ನಕಲುಗಳಲ್ಲಿ ಒಂದೇ ತಪ್ಪು ಎಲ್ಲೆಲ್ಲಿ ಬಂದಿದೆ ಎಂದು ನೋಡಿ ಯಾವುದರಿಂದ ಯಾವುದು ನಕಲಾಯಿತು ಎಂದು ಪಂಡಿತರು ಊಹಿಸುವಂತೆಯೇ ಇಲ್ಲಿಯೂ ಲೆಕ್ಕ ಹಾಕಬಹುದು. 1991ರಲ್ಲಿ ಪ್ರಕಟವಾದ ಇಂಥ ಹೋಲಿಕೆಗಳು ಈ ಮೂರೂ ಗುಂಪುಗಳು ಒಂದೇ ಪೂರ್ವಜನಿಂದ ಬಂದವೆಂದು ತೋರಿಸಿದವು. ಅದೇ ವರ್ಷ ಬ್ರಿಟನ್ನಿನ ಕ್ಯಾವಲಿಯರ್-ಸ್ಮಿತ್ ಚರ್ಮದಡಿಯ ಚೀಲಗಳನ್ನೇ ನೆನೆದು ಈ ಬಳಗಕ್ಕೆ ‘ಆಲ್ವಿಯೊಲೇಟಾ’ ಎಂದು ಹೆಸರಿಟ್ಟರು. ಚೀಲಗಳ ಹಾಸಿಗೆ ಆಧಾರ ಕೊಡುವ ಪ್ರೋಟೀನುಗಳು ಮೂರರಲ್ಲೂ ಒಂದೇ ಕುಟುಂಬದವು ಎಂಬುದು 2008ರಲ್ಲಿ ತಿಳಿದು ನೆಂಟಸ್ತಿಕೆ ಇನ್ನಷ್ಟು ಗಟ್ಟಿಯಾಯಿತು. ಮೂವರಲ್ಲಿ ಮೊದಲು ಬೇರೆ ಮನೆ ಮಾಡಿದ್ದು ಲೋಮಾಂಗ ಜೀವಿಗಳು. ಉಳಿದೆರಡು ಇನ್ನೂ ಹತ್ತಿರದ ಸಂಬಂಧಿಗಳು.

1991ರ ಆ ಒಂದು ಹೋಲಿಕೆಯಲ್ಲಿ ಬಳಸಿದ ಪರಾವಲಂಬಿಗಳಲ್ಲಿ ಥೈಲೀರಿಯಾ ಆನ್ಯುಲೇಟಾ ಒಂದು. ಉಣ್ಣೆಗಳ ಮೂಲಕ ಹರಡಿ ಮಿಶ್ರತಳಿ ಹಸುಗಳನ್ನು ಮಲಗಿಸಿಬಿಡುವ ಈ ಜ್ವರದ ಹೆಸರು ಹೈನುಗಾರರಿಗೆ ಹೊಸದಲ್ಲ. ಅದೇ ಹಸುವಿನ ಮೊದಲ ಹೊಟ್ಟೆಯ ಒಂದು ಮಿಲಿಲೀಟರ್ ರಸದಲ್ಲಿ ಲೋಮಾಂಗ ಜೀವಿಗಳು ಲಕ್ಷಗಟ್ಟಲೆ ಇದ್ದು, ಮೇವು ಅರಗುವ ಕೆಲಸದಲ್ಲಿ ಪಾಲುಗೊಳ್ಳುತ್ತವೆ. ಪ್ಯಾರಿಸ್ಸಿನ ಗ್ರೂಬಿ ಮತ್ತು ಡಿಲಾಫಾಂಡ್ ಇವುಗಳನ್ನು ಮೊದಲು ವರ್ಣಿಸಿದ್ದು 1843ರಲ್ಲಿ. ಹೀಗೆ ಒಂದೇ ಕೊಟ್ಟಿಗೆಯ ಒಂದೇ ಹಸುವಿನಲ್ಲಿ ಒಬ್ಬ ದಾಯಾದಿ ಹೊಟ್ಟೆಯಲ್ಲಿದ್ದು ಬದುಕುತ್ತಾನೆ, ಇನ್ನೊಬ್ಬ ರಕ್ತದಲ್ಲಿದ್ದು ಕೊಲ್ಲುತ್ತಾನೆ.

ಪಠ್ಯಪುಸ್ತಕದಲ್ಲಿ ಪಕ್ಕದ ಚಿತ್ರವಾಗಿರುವ ಅಮೀಬಾದ ಗತಿಯೇನು? ಈಗಿನ ತಿಳಿವಳಿಕೆಯಂತೆ ಅಮೀಬಾದ ಕವಲು ಪ್ರಾಣಿಗಳು ಮತ್ತು ಅಣಬೆಗಳ ಕವಲಿಗೆ ಹತ್ತಿರದ್ದು. ಎಂದರೆ ಅಮೀಬಾಕ್ಕೆ ಚಪ್ಪಲಿ ಜೀವಿಗಿಂತ ಅದನ್ನು ನೋಡುತ್ತಿರುವ ವಿದ್ಯಾರ್ಥಿಯೇ ಹತ್ತಿರದ ನೆಂಟ!

ನೆಂಟಸ್ತಿಕೆಯ ಉಪಯೋಗ

ಇದೆಲ್ಲ ಹೆಸರಿಡುವವರ ಜಗಳ, ಇದರಿಂದ ಲಾಭವೇನು ಎಂದು ಪೋಷಕರು ಕೇಳಬಹುದು. ಮಲೇರಿಯಾ ರೋಗಾಣುವಿನೊಳಗೆ ಒಂದು ವಿಚಿತ್ರ ಅಂಗವಿದೆ. ಅದು ಪಾಚಿಗಳಲ್ಲಿ ಬಿಸಿಲಿನಿಂದ ಆಹಾರ ತಯಾರಿಸುವ ಹರಿತ್ತಿನ ಅಂಗದ ಪಳೆಯುಳಿಕೆ ಎಂಬುದು 1990ರ ದಶಕದಲ್ಲಿ ಖಚಿತವಾಯಿತು. ಬಿಸಿಲಿನ ಕೆಲಸ ಹೋಗಿದೆ, ಆದರೆ ಆ ಅಂಗವಿಲ್ಲದೆ ರೋಗಾಣು ಬಾಳದು. ರೋಗಾಣುವಿನ ದಾಯಾದಿಗಳಲ್ಲಿ ಪಾಚಿಯಂತೆ ಬದುಕುವವರು ಇದ್ದಾರೆಂದು ತಿಳಿದಿದ್ದರಿಂದಲೇ ಈ ಅಂಗದ ಅರ್ಥ ಸುಲಭವಾಗಿ ಹೊಳೆಯಿತು. 2008ರಲ್ಲಿ ಆಸ್ಟ್ರೇಲಿಯಾದ ಹವಳದಿಂದ ದೊರೆತ ಕ್ರೋಮೆರಾ ಎಂಬ ಜೀವಿ ಅದೇ ಬಳಗದ್ದಾದರೂ ಇಂದಿಗೂ ಬಿಸಿಲಿನಿಂದಲೇ ಆಹಾರ ಮಾಡಿಕೊಳ್ಳುತ್ತದೆ. ಬ್ಯಾಕ್ಟೀರಿಯಾಗಳಿಗೆಂದು ಇದ್ದ ಡಾಕ್ಸಿಸೈಕ್ಲಿನ್ ಮಾತ್ರೆ ಮಲೇರಿಯಾ ತಡೆಯಲೂ ಒದಗುವುದು ಅದು ಈ ಅಂಗಕ್ಕೇ ಪೆಟ್ಟು ಕೊಡುವುದರಿಂದ. ಶತ್ರುವಿನ ವಂಶ ಗೊತ್ತಿದ್ದರೆ ಅವನ ಮರ್ಮಸ್ಥಾನವೂ ಗೊತ್ತಾಗುತ್ತದೆ.

ಲೋಮಾಂಗ ಜೀವಿಗಳು ಸ್ವತಃ ಕೊಟ್ಟ ಪಾಠಗಳೂ ಕಡಿಮೆಯಿಲ್ಲ. ಟೆಟ್ರಹೈಮೆನಾ ಎಂಬ ಕೊಳದ ಜೀವಿಯ ಅಧ್ಯಯನ ಎರಡು ನೊಬೆಲ್ ಬಹುಮಾನಗಳಿಗೆ ದಾರಿಯಾಯಿತು. ಆರ್‌ಎನ್‌ಎ ತನ್ನನ್ನು ತಾನೇ ಕತ್ತರಿಸಿಕೊಳ್ಳಬಲ್ಲದೆಂದು ಇದರಲ್ಲಿ ಕಂಡ ಥಾಮಸ್ ಚೆಕ್ 1989ರಲ್ಲಿ, ವರ್ಣತಂತುಗಳ ತುದಿಯ ರಕ್ಷಣೆಯ ಗುಟ್ಟು ಬಿಡಿಸಿದ ಎಲಿಜಬೆತ್ ಬ್ಲ್ಯಾಕ್‌ಬರ್ನ್ ಮತ್ತು ಕ್ಯಾರಲ್ ಗ್ರೈಡರ್ 2009ರಲ್ಲಿ ಇತರರೊಡನೆ ಆ ಗೌರವ ಹಂಚಿಕೊಂಡರು. ಇನ್ನು ಪ್ಯಾರಮೀಸಿಯಂ, ಎಲ್ಲ ಜೀವಿಗಳಿಗೂ ಒಂದೇ ಎಂದು ನಂಬಿದ್ದ ಆನುವಂಶಿಕ ಲಿಪಿಯನ್ನೇ ಬೇರೆಯಾಗಿ ಓದುತ್ತದೆಂದು 1985ರಲ್ಲಿ ತಿಳಿಯಿತು. ಬಹುತೇಕ ಜೀವಿಗಳಲ್ಲಿ ‘ಇಲ್ಲಿಗೆ ನಿಲ್ಲಿಸು’ ಎನ್ನುವ ಮೂರು ಸಂಕೇತಗಳಿವೆ. ಇದು ಅವುಗಳಲ್ಲಿ ಒಂದಕ್ಕೆ ಮಾತ್ರ ನಿಲ್ಲುತ್ತದೆ, ಉಳಿದೆರಡನ್ನು ಗ್ಲುಟಮಿನ್ ಎಂಬ ಅಮೈನೋ ಆಮ್ಲವೆಂದು ಓದಿ ಮುಂದೆ ಹೋಗುತ್ತದೆ.

ವರ್ಗೀಕರಣದ ಕೆಲಸ ಮುಗಿದಿಲ್ಲ. ಅಮೆರಿಕದ ಸಾನಬಾರ್ನ್ ‘ಪ್ಯಾರಮೀಸಿಯಂ ಔರೇಲಿಯ’ ಎಂಬ ಒಂದೇ ಹೆಸರಿನಡಿ ಪರಸ್ಪರ ಕೂಡದ ಹಲವು ಬಳಗಗಳಿರುವುದನ್ನು ದಶಕಗಳ ಕಾಲ ಪರೀಕ್ಷಿಸಿ, 1975ರಲ್ಲಿ ಅದನ್ನು 14 ಪ್ರಭೇದಗಳಾಗಿ ಬಿಡಿಸಿದರು. ಕಣ್ಣಿಗೆ ಹದಿನಾಲ್ಕೂ ಒಂದೇ! ಕೆನಡಾದ ಡೆನಿಸ್ ಲಿನ್ 2008ರ ತಮ್ಮ ಗ್ರಂಥದಲ್ಲಿ ಲೋಮಾಂಗ ಜೀವಿಗಳನ್ನು 11 ವರ್ಗಗಳಾಗಿ ವಿಂಗಡಿಸಿದರು. ಆ ಪಟ್ಟಿಯೂ ಆಮೇಲೆ ತಿದ್ದುಪಡಿ ಕಂಡಿದೆ.

ಪರೀಕ್ಷೆಯಲ್ಲಿ ನಾಲ್ಕು ಗುಂಪುಗಳನ್ನು ಬರೆಯಲೇಬೇಕು, ಬರೆಯಲಿ. ಅವು ಚಲನೆಯ ಬಗೆಗಳನ್ನು ನೆನಪಿಡಲು ಒಳ್ಳೆಯ ಸಾಧನ. ಆದರೆ ‘ವರ್ಗೀಕರಣ’ ಎಂಬ ಪಾಠವನ್ನು ಹೆಸರುಗಳ ಪಟ್ಟಿಯೆಂದು ಬೇಸರದಿಂದ ಓದುವ ಮಗುವಿಗೆ ಮನೆಯಲ್ಲಿ ಒಂದು ಮಾತು ಹೇಳಬಹುದು: ಅಲ್ಲಿನ ಪ್ರತಿಯೊಂದು ಹೆಸರೂ ‘ಇವರು ಇವರ ನೆಂಟರು’ ಎಂಬ ಒಂದು ವಾದ, ಹೊಸ ಸಾಕ್ಷಿ ಬಂದರೆ ಅದನ್ನು ತಿದ್ದಬಹುದು. ಆ ಮೇಲೆ ಒಂದು ಹಿಡಿ ಹುಲ್ಲು, ಒಂದಿಷ್ಟು ಕೆರೆ ನೀರು ಕೊಟ್ಟು ಒಂದು ವಾರ ವಾಸನೆ ಸಹಿಸಿಕೊಂಡರೆ ಸಾಕು. ನೋಡಿದ ಬಳಿಕ ಸೋಪು ಹಚ್ಚಿ ಕೈ ತೊಳೆಯುವುದನ್ನು ಮಾತ್ರ ಮರೆಯಬಾರದು.