ಎಳೆಯ ತಟ್ಟುವಿನ ಬೆನ್ನಿಗೊಪ್ಪುವ ಜೀನು

ಕಾವೇರಿಯ ದಕ್ಷಿಣದ ಕೊಳ್ಳೇಗಾಲ, ಹನೂರು, ಯಳಂದೂರು ತಾಲ್ಲೂಕುಗಳು ಕುದುರೆಯ ಸೀಮೆಯೆಂದು ಹೆಸರಾದವಲ್ಲ; ಇಲ್ಲಿನ ಉಳುಮೆಯೂ ಸಾಗಾಟವೂ ಹಳ್ಳಿಕಾರ್, ಆಲಂಬಾಡಿ, ಬರಗೂರು ತಳಿಯ ಎತ್ತುಗಳನ್ನೇ ನೆಚ್ಚಿಕೊಂಡಿದ್ದವು. ಆದರೂ ಹನೂರಿನಿಂದ ರಾಮಾಪುರ, ಗರಿಕೆಕಂಡಿ ದಾಟಿ, ಕನ್ನಡ ಮಾತನಾಡುವ ದನಗಾಹಿಗಳ ಬರಗೂರು ಬೆಟ್ಟವನ್ನು ಹಾದು ಇಳಿಯುವ ದಾರಿಯು ದಕ್ಷಿಣ ಭಾರತದ ಹೆಸರಾಂತ ಕುದುರೆ ಸಂತೆಗಳಲ್ಲಿ ಒಂದಾದ ಅಂದಿಯೂರಿನ ಗುರುನಾಥಸ್ವಾಮಿ ಜಾತ್ರೆಗೆ ಮುಟ್ಟುತ್ತದೆ. 1956ರ ನವೆಂಬರ್ 1ರವರೆಗೆ ಕೊಳ್ಳೇಗಾಲವು ಮದರಾಸು ರಾಜ್ಯದ ಕೊಯಮತ್ತೂರು ಜಿಲ್ಲೆಗೆ ಸೇರಿತ್ತು, ಅಂದಿಯೂರೂ ಅದೇ ಜಿಲ್ಲೆಯಲ್ಲಿತ್ತು. ಆದ್ದರಿಂದ ತಮಿಳರ ಆಡಿ ಮಾಸದಲ್ಲಿ ನೆರೆಯುವ ಆ ಜಾತ್ರೆ ಕೊಳ್ಳೇಗಾಲದವರಿಗೆ ಪರರಾಜ್ಯದ್ದೆನ್ನುವುದಕ್ಕಿಂತ ಹಿಂದೊಮ್ಮೆ ತಮ್ಮ ಜಿಲ್ಲೆಯದೇ ಆಗಿದ್ದ ಸಂತೆ. ಮಾರ್ವಾಡಿ, ಕಾಠಿಯಾವಾಡಿ ತಳಿಯ ಎತ್ತರದ ಕುದುರೆಗಳ ನಡುವೆ ಅಲ್ಲಿ ನಾಟಿ ತಟ್ಟುಗಳೂ, ಅಂದರೆ ಹೆಗಲಿನ ಬಳಿ ಸುಮಾರು 148 ಸೆಂಟಿಮೀಟರ್‌ಗಿಂತ ಗಿಡ್ಡವಾದ ಕುದುರೆಗಳೂ, ಮಾರಾಟಕ್ಕೆ ನಿಲ್ಲುತ್ತವೆ. ಬೆಲೆ ಕುದುರಿಸಿ ತಟ್ಟುವನ್ನು ಕೊಳ್ಳುವುದು ಅಷ್ಟೇನೂ ಕಷ್ಟದ ಕೆಲಸವಲ್ಲ. ಕಷ್ಟ ಎದುರಾಗುವುದು ಅದರ ಬೆನ್ನಿಗೆ ಹೊಂದುವ ಜೀನನ್ನು ಹುಡುಕಲು ಹೊರಟಾಗ.

ಜೀನು ಎಂಬುದು ಮೇಲುನೋಟಕ್ಕೆ ತೊಗಲಿನ ಆಸನವಾಗಿ ಕಂಡರೂ ಅದರ ಗುಣವನ್ನು ನಿರ್ಧರಿಸುವುದು ಒಳಗೆ ಅಡಗಿರುವ ಚೌಕಟ್ಟು. ಮರದಿಂದಲೋ ಉಕ್ಕಿನಿಂದಲೋ ಮಾಡಿದ ಈ ಚೌಕಟ್ಟಿನ ಮುಂಭಾಗದಲ್ಲಿ ಒಂದು ಕಮಾನು ಇದ್ದು, ಅದು ಪ್ರಾಣಿಯ ಕತ್ತು ಮತ್ತು ಬೆನ್ನು ಕೂಡುವೆಡೆಯ ಹೆಗಲ ದಿಬ್ಬದ ಮೇಲೆ ತಾಗದಂತೆ ನಿಲ್ಲಬೇಕು. ಚೌಕಟ್ಟಿನ ಕೆಳಗೆ, ಬೆನ್ನುಮೂಳೆಯ ಎರಡೂ ಮಗ್ಗುಲಿಗೆ, ಉಣ್ಣೆಯನ್ನೋ ಕೂದಲನ್ನೋ ತುಂಬಿದ ಎರಡು ಮೆತ್ತೆಗಳಿರುತ್ತವೆ. ಅವುಗಳ ನಡುವೆ ಮೂರು ನಾಲ್ಕು ಬೆರಳಗಲದ ಕಾಲುವೆಯನ್ನು ಖಾಲಿ ಬಿಡುವುದರಿಂದ ಸವಾರನ ಭಾರವು ಮೂಳೆಯ ಮೇಲೆ ಬೀಳದೆ ಪಕ್ಕದ ಸ್ನಾಯುಗಳ ಮೇಲೆ ಹರಡಿಕೊಳ್ಳುತ್ತದೆ. ಹೊಟ್ಟೆಯ ಸುತ್ತ ಬಿಗಿಯುವ ಪಟ್ಟಿ, ಕಾಲಿಡುವ ರಿಕಾಪು, ಜೀನು ಹಿಂದೆ ಸರಿಯದಂತೆ ಹಿಡಿಯುವ ಎದೆಪಟ್ಟಿ, ಮುಂದೆ ಜಾರದಂತೆ ತಡೆಯುವ ಬಾಲಪಟ್ಟಿ ಇವೆಲ್ಲ ಆಮೇಲಿನ ಮಾತು. ಚೌಕಟ್ಟೇ ಹೊಂದದಿದ್ದಾಗ ಪಟ್ಟಿಗಳನ್ನು ಎಷ್ಟು ಬಿಗಿದರೂ ನೋವು ಹೆಚ್ಚುವುದೇ ಹೊರತು ಜೀನು ನೆಲೆ ನಿಲ್ಲುವುದಿಲ್ಲ.

ಎಳೆಯ ತಟ್ಟುವಿನ ವಿಷಯದಲ್ಲಿ ತೊಡಕು ಹೆಚ್ಚಲು ಅದರ ಮೈಕಟ್ಟೇ ಕಾರಣ. ಕುದುರೆಗೆ ಸಾಮಾನ್ಯವಾಗಿ ಹದಿನೆಂಟು ಜೊತೆ ಪಕ್ಕೆಲುಬುಗಳಿದ್ದು, ಜೀನು ಹೆಗಲೆಲುಬಿನ ಹಿಂದೆ ಆರಂಭವಾಗಿ ಕೊನೆಯ ಪಕ್ಕೆಲುಬಿನೊಳಗೆ ಮುಗಿಯಬೇಕೆಂಬುದು ಎಲ್ಲ ಜೀನುಗಾರರೂ ಒಪ್ಪುವ ಮಿತಿ. ಅದರಾಚೆಗಿನ ಸೊಂಟದ ಭಾಗಕ್ಕೆ ಪಕ್ಕೆಲುಬಿನ ಆಸರೆ ಇಲ್ಲವಾದ್ದರಿಂದ ಭಾರ ಹೊರುವ ಶಕ್ತಿ ಕಡಿಮೆ. ದೊಡ್ಡ ಕುದುರೆಯಲ್ಲಿ ಈ ಎರಡು ಎಲ್ಲೆಗಳ ನಡುವೆ ಸಾಕಷ್ಟು ಜಾಗವಿರುತ್ತದೆ, ತಟ್ಟುವಿನಲ್ಲಿ ಅದು ಮೊದಲೇ ಕಿರಿದು. ಅನೇಕ ತಟ್ಟುಗಳ ಹೆಗಲ ದಿಬ್ಬ ಚಪ್ಪಟೆಯಾಗಿದ್ದು ಹೊಟ್ಟೆ ಗುಂಡಗಿರುವುದರಿಂದ ಜೀನಿಗೆ ಕಚ್ಚಿಕೊಳ್ಳಲು ಏಣೇ ಸಿಗದೆ ಅದು ಒಂದು ಮಗ್ಗುಲಿಗೆ ಹೊರಳುತ್ತದೆ. ಇದರ ಜೊತೆಗೆ ಬೆಳೆಯುವ ವಯಸ್ಸಿನಲ್ಲಿ ಪ್ರಾಣಿಯ ಹಿಂಭಾಗ ಒಮ್ಮೆ, ಮುಂಭಾಗ ಇನ್ನೊಮ್ಮೆ ಎತ್ತರಗೊಳ್ಳುತ್ತದೆ. ಹಿಂಭಾಗ ಎತ್ತರವಾಗಿರುವ ತಿಂಗಳುಗಳಲ್ಲಿ ಜೀನು ತಾನಾಗಿಯೇ ಮುಂದಕ್ಕೆ ಜಾರಿ ಹೆಗಲೆಲುಬಿನ ಮೇಲೇರುತ್ತದೆ. ಮುಂಗಾಲು ಮುಂದೆ ಚಾಚಿದಾಗಲೆಲ್ಲ ಹೆಗಲೆಲುಬಿನ ಮೇಲ್ತುದಿ ಹಿಂದಕ್ಕೆ ತಿರುಗಬೇಕು, ಅಲ್ಲಿ ಜೀನಿನ ಕಮಾನು ಕುಳಿತಿದ್ದರೆ ತಟ್ಟು ಹೆಜ್ಜೆಯನ್ನು ಮೊಟಕುಗೊಳಿಸುತ್ತದೆ, ನೋಡುವವರು ಅದನ್ನು ಮೊಂಡುತನವೆಂದು ತಿಳಿದು ಚಾಟಿ ಎತ್ತುತ್ತಾರೆ. ಬೆನ್ನುಮೂಳೆಯ ಬೆಳವಣಿಗೆ ಐದಾರು ವರ್ಷದ ಹೊತ್ತಿಗಷ್ಟೇ ಪೂರ್ಣಗೊಳ್ಳುವುದರಿಂದ ಮೂರು ವರ್ಷದ ತಟ್ಟುವಿಗೆ ಇಂದು ಸರಿಹೊಂದಿದ ಜೀನು, ಶ್ರಾವಣದಲ್ಲಿ ಹೊಲಿಸಿದ ಮಗುವಿನ ಅಂಗಿ ಯುಗಾದಿಗೆ ಮೋಟಾಗುವಂತೆ, ಕೆಲವೇ ತಿಂಗಳಲ್ಲಿ ಬಿಗಿಯಾಗುತ್ತದೆ.

ಆದುದರಿಂದ ಜೀನನ್ನು ಹುಡುಕುವ ಮುನ್ನ ಬೆನ್ನಿನ ಅಳತೆಯನ್ನು ತೆಗೆಯಬೇಕಾಗುತ್ತದೆ. ತಟ್ಟುವನ್ನು ಸಮನೆಲದ ಮೇಲೆ ನಾಲ್ಕು ಕಾಲಿಗೂ ಸಮನಾಗಿ ಭಾರ ಬೀಳುವಂತೆ ನಿಲ್ಲಿಸಿ, ಹೆಗಲೆಲುಬಿನ ಹಿಂದಂಚಿನಿಂದ ಎರಡು ಮೂರು ಬೆರಳು ಹಿಂದೆ, ಬೆನ್ನಿಗೆ ಅಡ್ಡಲಾಗಿ ಬಗ್ಗುವ ದಪ್ಪ ತಂತಿಯನ್ನು ಹಾಸಿ, ಅದನ್ನು ಎರಡು ಕೈಗಳಿಂದಲೂ ಮೈಗೆ ಒತ್ತುತ್ತ ಇಳಿಸಬೇಕು. ಹೀಗೆ ಬೆನ್ನಿನ ಆಕಾರ ತಳೆದ ತಂತಿಯನ್ನು ಅಲುಗದಂತೆ ಎತ್ತಿ ರಟ್ಟಿನ ಮೇಲಿಟ್ಟು, ಒಳಮಗ್ಗುಲಿಗೆ ಸೀಸದ ಕಡ್ಡಿಯಿಂದ ಗೆರೆ ಎಳೆದು, ಎಡ ಬಲಗಳ ಗುರುತು ಹಾಕಿ, ದಿನಾಂಕ ಬರೆದಿಡುವುದು ವಾಡಿಕೆ. ಇದೇ ಅಳತೆಯನ್ನು ಬೆನ್ನಿನ ನಡುವೆ ಮತ್ತು ಕೊನೆಯ ಪಕ್ಕೆಲುಬಿನ ಬಳಿ ತೆಗೆದು, ಬೆನ್ನುಮೂಳೆಯ ಉದ್ದಕ್ಕೂ ಮತ್ತೊಂದನ್ನು ತೆಗೆದರೆ ಪ್ರಾಣಿಯನ್ನು ಕಾಣದ ಕುಶಲಕರ್ಮಿಗೂ ಅದರ ಬೆನ್ನು ಕಣ್ಣಿಗೆ ಕಟ್ಟುತ್ತದೆ. ರಟ್ಟನ್ನು ಗೆರೆಯಗುಂಟ ಕತ್ತರಿಸಿ, ಅಂಗಡಿಯಲ್ಲಿರುವ ಜೀನಿನ ಕಮಾನಿನೊಳಗೆ ಹಿಡಿದು ನೋಡಿದಾಗ ಅರ್ಧಕ್ಕರ್ಧ ಜೀನುಗಳು ಅಲ್ಲೇ ತಿರಸ್ಕೃತವಾಗುತ್ತವೆ. ಎರಡು ಮಗ್ಗುಲಿನ ಗೆರೆಗಳು ಒಂದೇ ಬಗೆಯಾಗಿರುವುದು ಅಪರೂಪ.

ಅಳತೆ ಹೊಂದಿದ ಜೀನನ್ನೂ ಬೆವರಿನ ಪರೀಕ್ಷೆಗೆ ಒಳಪಡಿಸದೆ ಒಪ್ಪಿಕೊಳ್ಳಬಾರದು. ಸವಾರ ಕುಳಿತಾಗ ಕಮಾನಿಗೂ ಹೆಗಲ ದಿಬ್ಬಕ್ಕೂ ನಡುವೆ ಎರಡು ಮೂರು ಬೆರಳಿನ ಎಡೆ ಉಳಿದಿರಬೇಕು. ಅರ್ಧ ಗಂಟೆ ಬಿರುಸಾಗಿ ನಡೆಸಿ ಜೀನನ್ನು ಇಳಿಸಿದಾಗ ಮೆತ್ತೆ ತಾಗಿದ ಜಾಗವೆಲ್ಲ ಒಂದೇ ಸಮನೆ ಒದ್ದೆಯಾಗಿದ್ದರೆ ಭಾರ ಹರಡಿದೆ ಎಂದರ್ಥ. ಸುತ್ತಲೂ ಬೆವತು ನಡುವೆ ಅಂಗೈಯಗಲದ ಒಂದು ತಾವು ಮಾತ್ರ ಒಣಗಿದ್ದರೆ ಅಲ್ಲಿ ಒತ್ತಡ ಮಿತಿಮೀರಿ ಬೆವರು ಹೊಮ್ಮಿಲ್ಲವೆಂದು ತಿಳಿಯಬೇಕು, ಆದರೆ ಅದು ಜೀನು ಸ್ವಲ್ಪವೂ ತಾಗದ ಜಾಗವೂ ಆಗಿರಬಹುದಾದ್ದರಿಂದ ಬೆರಳಿನಿಂದ ಒತ್ತಿ ನೋಡಿ ಪ್ರಾಣಿ ಮೈ ಕೊಡವುತ್ತದೆಯೇ ಎಂದು ಗಮನಿಸಬೇಕು. ಹೆಗಲ ದಿಬ್ಬದ ಇಕ್ಕೆಲದಲ್ಲಿ ಕಾಣುವ ಬಿಳಿಗೂದಲ ಚುಕ್ಕೆಗಳು ಎಷ್ಟೋ ವೇಳೆ ಹಿಂದಿನ ಜೀನು ಮಾಡಿದ ಗಾಯದ ಗುರುತು. ಸಂತೆಯಲ್ಲಿ ಇವನ್ನು ಶುಭಲಕ್ಷಣವೆಂದು ವರ್ಣಿಸುವ ಮಾರಾಟಗಾರ ಸಿಕ್ಕರೆ ಆಶ್ಚರ್ಯಪಡಬೇಕಾಗಿಲ್ಲ.

ಭಾರವನ್ನು ಬೆನ್ನಿಗೆ ಹೊಂದಿಸುವ ಅರಿವು ಈ ನಾಡಿಗೆ ಹೊಸದಲ್ಲ. 1800ರಲ್ಲಿ ಈಸ್ಟ್ ಇಂಡಿಯಾ ಕಂಪನಿಯ ಸಮೀಕ್ಷಕ ಫ್ರಾನ್ಸಿಸ್ ಬುಕನನ್ ಕೊಳ್ಳೇಗಾಲದಿಂದ ಹನೂರು, ಕೌದಳ್ಳಿಗಳ ಮೂಲಕ ಕಾವೇರಿಪುರಕ್ಕೆ ಇಳಿದ ಹಾದಿಯು ಘಟ್ಟದ ಮೇಲಿನ ಮತ್ತು ಕೆಳಗಿನ ನಾಡುಗಳ ನಡುವೆ ಹೇರೆತ್ತುಗಳು, ಅಂದರೆ ಬೆನ್ನ ಮೇಲೆ ಸರಕು ಹೊರುವ ಎತ್ತುಗಳು, ನಡೆದಾಡುತ್ತಿದ್ದ ಹಾದಿ. ಹೇರಿನಲ್ಲಿ ಚೌಕಟ್ಟಿನ ಮಾತೇ ಇಲ್ಲ. ಬೆನ್ನಿನ ಎರಡೂ ಕಡೆಗೆ ಸಮತೂಕದ ಚೀಲಗಳು ಜೋತುಬಿದ್ದು, ಅಡಿಯಲ್ಲಿ ದಪ್ಪನೆಯ ಹಾಸು ಇರುತ್ತದೆ, ಪ್ರಾಣಿ ಸೊರಗಿದರೆ ಹಾಸಿನ ಪದರ ಹೆಚ್ಚುತ್ತದೆ. ಬ್ರಿಟಿಷ್ ಅಶ್ವದಳದವರು ಉಕ್ಕಿನ ಕಮಾನಿನ ಜೀನಿನಡಿ ಕಂಬಳಿಯನ್ನು ಮಡಿಸಿ ಹಾಕಿ, ಕುದುರೆ ಇಳಿದುಹೋದಂತೆ ಮಡಿಕೆಯನ್ನು ಬದಲಿಸುತ್ತಿದ್ದುದೂ ಇದೇ ಉಪಾಯ. ಯಳಂದೂರನ್ನು 1807ರಲ್ಲಿ ಜಹಗೀರಾಗಿ ಪಡೆದ ಮೈಸೂರಿನ ದಿವಾನ್ ಪೂರ್ಣಯ್ಯನವರ ಆಡಳಿತವು ಬ್ರಿಟಿಷರೊಡನೆ ಅದೇ ವರ್ಷ ಆದ ಒಪ್ಪಂದದಂತೆ 4,000 ಸವಾರರ ದಳವನ್ನು ಇರಿಸಿಕೊಳ್ಳಬೇಕಾಯಿತು. ಈ ದಳದ ಸಿಲೇದಾರ್ ಪದ್ಧತಿಯಲ್ಲಿ ಕುದುರೆಯನ್ನೂ ಸಲಕರಣೆಯನ್ನೂ ಸವಾರನೇ ಒದಗಿಸಿಕೊಳ್ಳುತ್ತಿದ್ದುದರಿಂದ ಬೆನ್ನು ಕೆಟ್ಟ ಕುದುರೆಯ ನಷ್ಟವೂ ಅವನದೇ ಆಗಿತ್ತು. 1918ರ ಸೆಪ್ಟೆಂಬರ್ 23ರಂದು ಹೈಫಾ ಪಟ್ಟಣದಲ್ಲಿ ಕಾದಿದ ಮೈಸೂರು ಲಾನ್ಸರ್ಸ್ ಅಶ್ವದಳದ ಹಿಂದೆ ಈ ಸವಾರರ ಪರಂಪರೆಯಿದೆ.

ಇಂದು ಭಾರತದಲ್ಲಿ ಜೀನು ತಯಾರಿಕೆಯ ದೊಡ್ಡ ನೆಲೆ ಕಾನ್ಪುರ. ಸೈನ್ಯಕ್ಕಾಗಿ ಅಲ್ಲಿ ಹತ್ತೊಂಬತ್ತನೆಯ ಶತಮಾನದಲ್ಲಿ ತೆರೆದ ಸರಕಾರಿ ಕಾರ್ಖಾನೆಯಿಂದ ಬೆಳೆದ ಈ ಕಸುಬಿಗೆ ಈಗ ಭೌಗೋಳಿಕ ಗುರುತಿನ ಮಾನ್ಯತೆಯೂ ದೊರೆತಿದೆ. ಅಲ್ಲಿಂದ ಬರುವ ಜೀನಿನ ಮೇಲಿರುವ ಹದಿನೈದು, ಹದಿನಾರು, ಹದಿನೇಳು ಎಂಬ ಅಂಗುಲದ ಸಂಖ್ಯೆಗಳು ಸವಾರ ಕೂರುವ ಆಸನದ ಉದ್ದವನ್ನು ಹೇಳುತ್ತವೆಯೇ ಹೊರತು ಕಮಾನಿನ ಅಗಲವನ್ನಲ್ಲ, ಹೀಗಾಗಿ ಸಂಖ್ಯೆ ನೋಡಿ ಕೊಂಡವರು ಮೋಸಹೋಗುತ್ತಾರೆ. ಜರಿ, ಕನ್ನಡಿ, ಗೊಂಡೆಗಳಿಂದ ಅಲಂಕರಿಸಿದ ಮೆರವಣಿಗೆಯ ಜೀನುಗಳಂತೂ ನೋಡುವವರ ಕಣ್ಣಿಗಾಗಿ ಮಾಡಿದವು. ದಿನಬಳಕೆಗೆ ಅವನ್ನು ತಟ್ಟುವಿನ ಮೇಲೆ ಹೇರುವುದು ಸರಿಯಲ್ಲ. ಬೆಳೆಯುತ್ತಿರುವ ತಟ್ಟುವಿಗೆ ಕಮಾನು ಬದಲಿಸಬಹುದಾದ ಅಥವಾ ಮೆತ್ತೆಯ ಹೊಲಿಗೆ ಬಿಚ್ಚಿ ಉಣ್ಣೆ ತುಂಬಬಹುದಾದ ಹಳೆಯ ಜೀನೇ ಲೇಸು. ಹೊಸ ಚೌಕಟ್ಟನ್ನು ಕಟ್ಟುವವರು ಹತ್ತಿರದ ಊರುಗಳಲ್ಲಿ ಸಿಗುವುದು ಕಷ್ಟವಾದರೂ, ರಂಪಿಗೆ ಮತ್ತು ದಬ್ಬಳ ಹಿಡಿದು ತೊಗಲಿನ ಕೆಲಸ ಮಾಡುವ ನುರಿತವರು ರಟ್ಟಿನ ಅಳತೆಯನ್ನು ಕಂಡರೆ ಮೆತ್ತೆಯ ತುಂಬುವಿಕೆಯನ್ನು ಎಡಬಲಗಳಿಗೆ ಬೇರೆ ಬೇರೆಯಾಗಿ ಸರಿಪಡಿಸಿಕೊಡಬಲ್ಲರು.

ಯಾವ ಜೀನೂ ಒಪ್ಪದಿದ್ದಾಗ ಚೌಕಟ್ಟಿಲ್ಲದ ತಡಿ, ಅಂದರೆ ದಪ್ಪ ನಮದೆ ಅಥವಾ ಕಂಬಳಿಯಿಂದ ಹೊಲಿದ ಹಾಸು, ತಾತ್ಕಾಲಿಕವಾಗಿ ನೆರವಾಗುತ್ತದೆ. ಆದರೆ ತಡಿಯು ಮೂಳೆಯ ಮೇಲಿನ ಭಾರವನ್ನು ಪೂರ್ತಿಯಾಗಿ ತಪ್ಪಿಸಲಾರದ ಕಾರಣ ಹಗುರವಾದ ಮಕ್ಕಳು ಸ್ವಲ್ಪ ಹೊತ್ತು ಕೂರುವುದಕ್ಕಷ್ಟೇ ಅದು ತಕ್ಕದ್ದು, ರಿಕಾಪನ್ನು ಅದಕ್ಕೆ ಕಟ್ಟಿದರೆ ಪಟ್ಟಿ ಹಾದುಹೋಗುವಲ್ಲಿಯೇ ಭಾರವೆಲ್ಲ ಕೇಂದ್ರೀಕರಿಸುತ್ತದೆ. ಹೇರು ಹೊರಿಸುವುದಾದರೆ ಪ್ರಾಣಿಹಿಂಸೆ ತಡೆಯುವ 1965ರ ಕೇಂದ್ರ ನಿಯಮಗಳು ತಟ್ಟುವಿಗೆ 70 ಕಿಲೋಗ್ರಾಂ, ಕತ್ತೆಗೆ 50 ಕಿಲೋಗ್ರಾಂಗಳ ಮಿತಿಯನ್ನು ವಿಧಿಸಿವೆ. ಅವೇ ನಿಯಮಗಳು ಮುಳ್ಳುಳ್ಳ ಕಡಿವಾಣವನ್ನೂ ನಿಷೇಧಿಸುತ್ತವೆ. 70 ಕಿಲೋ ಎಂಬುದು ಬೆಳೆದ ತಟ್ಟುವಿನ ಲೆಕ್ಕವೆಂದು ತಿಳಿದು ಎಳೆಯದಕ್ಕೆ ಅದರಲ್ಲಿ ಸಾಕಷ್ಟು ಕಡಿತ ಮಾಡುವುದು ಲೇಸು. ಜೀನಿನ ತೂಕವನ್ನೂ ಸವಾರನ ತೂಕಕ್ಕೆ ಕೂಡಿಸಿಯೇ ಲೆಕ್ಕ ಹಾಕಬೇಕು, ಮತ್ತು ತಟ್ಟುವಿಗೆ ಐದು ವರ್ಷ ತುಂಬುವವರೆಗೆ ರಟ್ಟಿನ ಅಳತೆಯನ್ನು ಮೂರು ತಿಂಗಳಿಗೊಮ್ಮೆ ಹೊಸದಾಗಿ ತೆಗೆದು ಹಳೆಯ ಗೆರೆಯೊಂದಿಗೆ ಹೋಲಿಸಿ ನೋಡಬೇಕು.