ಟಿಕ್ ಹೆಚ್ಚಿಸಿದರೆ ಕಂಪ್ಯೂಟರ್ ಚುರುಕಾಗುತ್ತದೆಯೇ?

ಲಿನಕ್ಸ್ ಕರ್ನೆಲ್ಲನ್ನು ತಾವೇ ಕಂಪೈಲ್ ಮಾಡಿಕೊಳ್ಳುವವರ ಕೈ ಟೈಮರ್ ಇಂಟರಪ್ಟ್ ಆಯ್ಕೆಯತ್ತ ಹೋಗದೆ ಇರದು. 100, 250, 300, 1000 ಹರ್ಟ್ಸ್. ಅಂಕಿ ದೊಡ್ಡದಾದಷ್ಟೂ ವೇಗ ಹೆಚ್ಚು ಎಂಬುದು ಹಲವರ ನಂಬಿಕೆ.

ಪ್ರೊಸೆಸರಿನ ವೇಗಕ್ಕೂ ಈ ಅಂಕಿಗೂ ಸಂಬಂಧವಿಲ್ಲ. ಓಡುತ್ತಿರುವ ಪ್ರೋಗ್ರಾಮನ್ನು ಸೆಕೆಂಡಿಗೆ ಎಷ್ಟು ಸಲ ತಡೆದು, ಅದರ ಸರದಿ ಮುಗಿಯಿತೇ ಎಂದು ಕರ್ನೆಲ್ ನೋಡಬೇಕು ಎಂಬುದನ್ನು ಅದು ಹೇಳುತ್ತದೆ. ಇಂಥ ಒಂದೊಂದು ತಡೆಯೇ ಒಂದು ಟಿಕ್. 100ಕ್ಕಿಟ್ಟರೆ 10 ಮಿಲಿಸೆಕೆಂಡಿಗೊಮ್ಮೆ, 1000ಕ್ಕಿಟ್ಟರೆ 1 ಮಿಲಿಸೆಕೆಂಡಿಗೊಮ್ಮೆ. ಹಲವು ಪ್ರೋಗ್ರಾಮುಗಳು ಒಂದೇ ಕೋರ್‌ಗಾಗಿ ಕಿತ್ತಾಡುವಾಗ ಸರದಿ ಬೇಗ ಬದಲಾಗಿ, ಆಟವೋ ಆಡಿಯೊವೋ ತಡವರಿಸುವುದು ತಗ್ಗಬಹುದು. ಗಂಟೆಗಟ್ಟಲೆ ನಡೆಯುವ ವಿಡಿಯೊ ಎನ್‌ಕೋಡಿಂಗ್‌ಗೆ ಮಾತ್ರ ಪ್ರತಿ ತಡೆಯೂ ಸಣ್ಣ ನಷ್ಟವೇ.

ಹಾಗಾದರೆ 1000 ಎಂದರೆ ದುಂದುಗಾರಿಕೆಯೇ? ಈ ಎದುರು ನಂಬಿಕೆಗೆ ಒಂದು ಕಾಲದಲ್ಲಿ ಆಧಾರವಿತ್ತು. ಪಿಸಿಗಳಲ್ಲಿ 100 ಇದ್ದದ್ದು 2.6 ಕರ್ನೆಲ್‌ನಲ್ಲಿ 1000ಕ್ಕೆ ಏರಿತು. ಕೆಲಸವಿಲ್ಲದೆ ಮಲಗಿದ್ದ ಪ್ರೊಸೆಸರನ್ನೂ ಸೆಕೆಂಡಿಗೆ ಸಾವಿರ ಸಲ ಎಬ್ಬಿಸಿ ಲ್ಯಾಪ್‌ಟಾಪ್ ಬ್ಯಾಟರಿ ತಿನ್ನುತ್ತಿತ್ತು. 2005ರ 2.6.13ರಲ್ಲಿ 250ಕ್ಕೆ ಇಳಿಸಿ, ಆಯ್ಕೆಯನ್ನು ಕಟ್ಟುವವರಿಗೇ ಬಿಟ್ಟರು. 2007ರ 2.6.21ರಿಂದ ಖಾಲಿ ಕೂತ ಕೋರ್‌ಗೆ ಟಿಕ್ ನಿಲ್ಲಿಸುವ ವ್ಯವಸ್ಥೆ ಬಂತು. ಬಳಿಕ ಆ ದೂರು ಬಹುಮಟ್ಟಿಗೆ ಹಳತಾಯಿತು. ಒಂದು ಟಿಕ್‌ಗೆ 2 ಮೈಕ್ರೊಸೆಕೆಂಡ್ ಎಂದಿಟ್ಟುಕೊಂಡರೆ, ದುಡಿಯುವ ಕೋರ್‌ನಲ್ಲಿ ಸಾವಿರ ಟಿಕ್‌ಗೆ ಹೋಗುವುದು ಶೇ 0.2 ಸಮಯ. ಉಬುಂಟು 24.10ರಲ್ಲಿ 1000ಕ್ಕೆ ಮರಳಿದ್ದು ಸುಮ್ಮನೆ ಅಲ್ಲ. ವರ್ಚುವಲ್ ಮಷೀನ್‌ಗಳಲ್ಲಿ ಪ್ರತಿ ಟಿಕ್ ಇನ್ನಷ್ಟು ದುಬಾರಿ, ಅಲ್ಲಿ ಅಳೆದೇ ನಿರ್ಧರಿಸಬೇಕು.

1 ಮಿಲಿಸೆಕೆಂಡ್ ನಿದ್ರಿಸಬೇಕಾದ ಪ್ರೋಗ್ರಾಮಿಗೆ 1000 ಹರ್ಟ್ಸ್ ಬೇಕೇಬೇಕು ಎನ್ನುವವರೂ ಇದ್ದಾರೆ. ಬೇಡ. ಹೈ ರೆಸಲ್ಯೂಷನ್ ಟೈಮರ್‌ಗಳು ಮುಂದಿನ ಟಿಕ್‌ಗೆ ಕಾಯುವುದಿಲ್ಲ. ಬೇಕಾದ ಕ್ಷಣಕ್ಕೇ ಹಾರ್ಡ್‌ವೇರ್ ಗಡಿಯಾರಕ್ಕೆ ಅಲಾರಂ ಇಡುತ್ತವೆ. ಟಿಕ್ ಎಣಿಸಿ ನಡೆಯುವುದು ಕರ್ನೆಲ್ಲಿನೊಳಗಿನ ಹಳೆಯ ಬಗೆಯ ಟೈಮರ್‌ಗಳು.

ಕಣ್ಣಾರೆ ನೋಡಬೇಕೆಂದರೆ ಪ್ರಾಕ್ ಫೋಲ್ಡರಿನ ಇಂಟರಪ್ಟ್ಸ್ ಫೈಲಿನಲ್ಲಿ 'ಎಲ್‌ಒಸಿ' ಸಾಲು ಹುಡುಕಿ. ಸುಮ್ಮನಿರುವ ಕೋರ್‌ನ ಎಣಿಕೆ ತೆವಳುತ್ತದೆ. ಅದೇ ಕೋರ್‌ನಲ್ಲಿ ಕೊನೆಯಿಲ್ಲದ ಲೂಪೊಂದನ್ನು ಓಡಿಸಿದರೆ ಸೆಕೆಂಡಿಗೆ ಸುಮಾರು ನಿಮ್ಮ ಟಿಕ್ ಸಂಖ್ಯೆಯಷ್ಟೇ ಜಿಗಿಯುತ್ತದೆ. 'ಗೆಟ್‌ಕಾನ್ಫ್' ಆಜ್ಞೆ ಕೊಡುವ 100ನ್ನು ನಂಬಿ 'ನನ್ನ ಕರ್ನೆಲ್ ಇನ್ನೂ 100ರಲ್ಲೇ ಇದೆ' ಎಂದು ಗಾಬರಿಬೀಳಬೇಡಿ. ಅದು ಹಳೆಯ ಪ್ರೋಗ್ರಾಮುಗಳು ಮುರಿಯದಿರಲೆಂದು ಉಳಿಸಿಕೊಂಡ ಸಂಖ್ಯೆ. ಒಳಗೆ 1000 ಇದ್ದರೂ ಅದು 100 ಎಂದೇ ಹೇಳುತ್ತದೆ.